ಏಳು ರೂಪಾಯಿಯ ಪೇದೆ: ಬ್ರಿಟಿಷರ ಕಾಲದ ಪೊಲೀಸ್ ಸೇವೆಗೆ ಜನ ತೆತ್ತಿದ್ದೆಷ್ಟು, ಪಡೆದದ್ದೇನು

1861ರಿಂದ 1905ರವರೆಗೆ ಬ್ರಿಟಿಷ್ ಇಂಡಿಯಾದ ಜಿಲ್ಲೆಗಳಲ್ಲಿ ನಡೆದ ಪೊಲೀಸ್ ವ್ಯವಸ್ಥೆಯನ್ನು ಒಂದು ಸೇವೆ ಎಂದು ಹಿಡಿದು, ಅದಕ್ಕೆ ದುಡ್ಡು ಕೊಟ್ಟವರ ಕಡೆಯಿಂದ ನೋಡಿದ ವಿಮರ್ಶೆ ಇದು. ದುಡ್ಡು ಕೊಟ್ಟವರು ಅಂದರೆ ಬಳ್ಳಾರಿಯ ರೈತ, ಮಂಗಳೂರಿನ ವರ್ತಕ, ಧಾರವಾಡ, ಬೆಳಗಾವಿ, ಬಿಜಾಪುರ ಸೀಮೆಯ ಒಕ್ಕಲು, ನೇಕಾರ. ಕಂದಾಯ, ಉಪ್ಪಿನ ತೆರಿಗೆ, ಅಬಕಾರಿ, ಸ್ಟಾಂಪು ಇವುಗಳಿಂದ ಎದ್ದ ಹಣದಲ್ಲೇ ಠಾಣೆ ನಡೆಯುತ್ತಿತ್ತು. ಮನೆಗೆ ಕನ್ನ ಬಿದ್ದಾಗ, ದನ ಕಳವಾದಾಗ, ದಾರಿಯಲ್ಲಿ ದರೋಡೆ ಆದಾಗ ಆ ಠಾಣೆಯಿಂದ ಅವರಿಗೆ ಏನು ಸಿಕ್ಕಿತು ಅನ್ನುವುದೇ ಅಳತೆ.

ತೀರ್ಪು ಮೊದಲೇ ಹೇಳಿಬಿಡುತ್ತೇವೆ. ಖಜಾನೆಯ ಪುಸ್ತಕದಲ್ಲಿ ಇದು ಅಗ್ಗದ ಸೇವೆ, ಊರಿನ ಲೆಕ್ಕದಲ್ಲಿ ತೀರಾ ದುಬಾರಿ. ಕೆಳಗಿನವನ ಸಂಬಳದಲ್ಲಿ ಸರ್ಕಾರ ಏನನ್ನು ಉಳಿಸಿತೋ ಅದನ್ನು ಹಳ್ಳಿಯವರು ಬೇರೆ ಬೇರೆ ದಾರಿಯಲ್ಲಿ ತುಂಬಿಕೊಟ್ಟರು. ಅದಕ್ಕೆ ರಸೀದಿ ಇರಲಿಲ್ಲ, ಬಜೆಟ್ಟಿನಲ್ಲಿ ತಲೆಬರಹವೂ ಇರಲಿಲ್ಲ. ಸೇವೆ ಕೆಟ್ಟದ್ದಕ್ಕೆ ಪೇದೆಯ ಸ್ವಭಾವವನ್ನು ದೂರುವವರು ಅವನ ಬಟವಾಡೆ ಪಟ್ಟಿಯನ್ನು ಮೊದಲು ನೋಡಬೇಕು.

ಹಿನ್ನೆಲೆ ಸ್ವಲ್ಪ ಬೇಕು. 1793ರಲ್ಲಿ ಗವರ್ನರ್ ಜನರಲ್ ಕಾರ್ನ್‌ವಾಲಿಸ್ ಬಂಗಾಳದಲ್ಲಿ ಜಮೀನ್ದಾರರ ಕೈಯಿಂದ ಪೊಲೀಸ್ ಕೆಲಸ ಕಿತ್ತು, ಸುಮಾರು ಇಪ್ಪತ್ತು ಮೈಲಿ ಉದ್ದ, ಇಪ್ಪತ್ತು ಮೈಲಿ ಅಗಲದ ಪ್ರದೇಶಕ್ಕೊಬ್ಬ ದರೋಗ ಎಂಬ ಪೊಲೀಸ್ ಅಧಿಕಾರಿಯನ್ನು ಕೂರಿಸಿದ. ಅಂದರೆ ಒಬ್ಬನ ಕೈಗೆ 400 ಚದರ ಮೈಲಿ. ಸಂಬಳ ಸಣ್ಣದು. ಅದರ ಮೇಲೆ, ಹಿಡಿದ ದರೋಡೆಕೋರನಿಗೆ ಶಿಕ್ಷೆಯಾದರೆ ತಲೆಗೆ 10 ರೂಪಾಯಿ, ಪತ್ತೆಯಾದ ಕಳವು ಮಾಲಿನ ಬೆಲೆಯಲ್ಲಿ ಶೇಕಡಾ ಹತ್ತು. ಖರ್ಚು ತೂಗಿಸಲು ವರ್ತಕರ ಮೇಲೆ ಪೊಲೀಸ್ ತೆರಿಗೆಯನ್ನೂ ಹಾಕಿದರು, ಅದು 1797ರಲ್ಲಿ ರದ್ದಾಯಿತು. ಮದ್ರಾಸಿನಲ್ಲಿ 1802ರಿಂದ ಇದೇ ದರೋಗ ಪದ್ಧತಿ ಬಂತು. 1816ರಲ್ಲಿ ಮನ್ರೋ ಮಾಡಿದ ಬದಲಾವಣೆಗಳ ಜೊತೆ ಅದು ಹೋಯಿತು. ಪೊಲೀಸ್ ಕೆಲಸ ಕಲೆಕ್ಟರು, ತಹಶೀಲ್ದಾರ, ಊರ ಪಟೇಲ ಇವರ ಕೈ ಸೇರಿತು. ಬೇರೆ ಸಿಬ್ಬಂದಿ ಇಲ್ಲ, ಬೇರೆ ಸಂಬಳವೂ ಇಲ್ಲ. ಕಂದಾಯದ ಜವಾನನೇ ಪೊಲೀಸ್ ಜವಾನ.

ಖರ್ಚಿಲ್ಲದ ಈ ಏರ್ಪಾಡಿನ ನಿಜವಾದ ಬೆಲೆ ಗೊತ್ತಾಗಿದ್ದು 1855ರಲ್ಲಿ, ಮದ್ರಾಸಿನ ಚಿತ್ರಹಿಂಸೆ ಆಯೋಗದ ವರದಿಯಲ್ಲಿ. ಎಲಿಯಟ್, ಸ್ಟೋಕ್ಸ್, ನಾರ್ಟನ್ ಎಂಬ ಮೂವರು ದೂರು ಆಲಿಸಿದರು. ಕಂದಾಯ ಬಾಕಿಗೂ ಹಿಂಸೆ, ಕಳವಿನ ತಪ್ಪೊಪ್ಪಿಗೆಗೂ ಹಿಂಸೆ, ಎರಡನ್ನೂ ಮಾಡಿಸುವ ಕೈ ಒಂದೇ ಎಂದು ಅಲ್ಲಿ ದಾಖಲಾಯಿತು. ಬೆರಳುಗಳನ್ನು ಎರಡು ಮರದ ತುಂಡುಗಳ ನಡುವೆ ಇಟ್ಟು ಬಿಗಿಯುವ ಕಿಟ್ಟಿ ಆ ಪುಟಗಳಲ್ಲಿ ಮತ್ತೆ ಮತ್ತೆ ಬರುತ್ತದೆ. ವಸೂಲಿ ಮಾಡುವವನನ್ನೂ ತನಿಖೆ ಮಾಡುವವನನ್ನೂ ಬೇರೆ ಮಾಡಲೇಬೇಕು ಅನ್ನುವ ಒತ್ತಡ ಇಲ್ಲಿಂದ ಬಂತು. ಮದ್ರಾಸ್ ಪ್ರಾಂತ್ಯ 1859ರ 24ನೇ ಕಾಯ್ದೆಯಿಂದ ಪ್ರತ್ಯೇಕ ಪೊಲೀಸ್ ಕಟ್ಟಿತು, ವಿಲಿಯಂ ರಾಬಿನ್ಸನ್ ಅದರ ಮೊದಲ ಮುಖ್ಯಸ್ಥ. ಅತ್ತ 1857ರ ದಂಗೆ ಮುಗಿದ ಮೇಲೆ ಸೈನ್ಯದ ಖರ್ಚು ಇಳಿಸುವ ಆತುರ ಸರ್ಕಾರಕ್ಕಿತ್ತು. 1860ರ ಆಯೋಗ ಕೂತಿತು, 1861ರ ಐದನೇ ಕಾಯ್ದೆ ಬಂತು. ಬಳ್ಳಾರಿ, ದಕ್ಷಿಣ ಕನ್ನಡಕ್ಕೆ ಮದ್ರಾಸಿನ ಕಾಯ್ದೆ, ಧಾರವಾಡ ಕಡೆಗೆ ಮುಂಬಯಿಯದೇ ಕಾಯ್ದೆ, ಉಳಿದ ಬಹುಪಾಲು ಪ್ರಾಂತ್ಯಗಳಿಗೆ 1861ರದು. ಅಚ್ಚು ಮಾತ್ರ ಒಂದೇ: 1843ರಲ್ಲಿ ಚಾರ್ಲ್ಸ್ ನೇಪಿಯರ್ ಸಿಂಧ್‌ನಲ್ಲಿ ಐರಿಷ್ ಕಾನ್‌ಸ್ಟಾಬ್ಯುಲರಿಯನ್ನು (ಐರ್ಲೆಂಡಿನ ಪೊಲೀಸ್ ಪಡೆ) ನೋಡಿ ಕಟ್ಟಿದ ಪಡೆಯ ಅಚ್ಚು. ಮೇಲೆ ಇನ್‌ಸ್ಪೆಕ್ಟರ್ ಜನರಲ್, ಜಿಲ್ಲೆಗೊಬ್ಬ ಸೂಪರಿಂಟೆಂಡೆಂಟ್, ಕೆಳಗೆ ಸಾಲು ಸಾಲು ಪೇದೆಗಳು.

ಸಂಬಳದ ಲೆಕ್ಕ

ಅತ್ಯಂತ ಕೆಳದರ್ಜೆಯ ಪೊಲೀಸಿನವನಿಗೂ ಕಸುಬು ತಿಳಿಯದ ಕೂಲಿಯ ದುಡಿಮೆಗಿಂತ ಹೆಚ್ಚು ಸಂಬಳ ಇರಬೇಕು ಎಂಬ ತತ್ವವನ್ನು 1860ರ ಆಯೋಗವೇ ಇಟ್ಟಿತ್ತು. ತತ್ವ ಸರಿಯಾಗಿಯೇ ಇತ್ತು. ಆಚರಣೆಗೆ ಬಂದಾಗ ಪೇದೆಯ ಸಂಬಳ ಆರು, ಏಳು ರೂಪಾಯಿಯ ಹತ್ತಿರ ನಿಂತಿತು. 1880ರ ದಶಕದ ಹೊತ್ತಿಗೂ ಸರಾಸರಿ ತಿಂಗಳಿಗೆ 7 ರೂಪಾಯಿ. ರೂಪಾಯಿಗೆ 16 ಆಣೆಯಂತೆ ಏಳು ರೂಪಾಯಿ 112 ಆಣೆ. ಮೂವತ್ತು ದಿನಕ್ಕೆ ಹಂಚಿದರೆ ದಿನಕ್ಕೆ ನಾಲ್ಕಾಣೆಯೂ ಬೀಳುವುದಿಲ್ಲ. ಸುಗ್ಗಿ ಕಾಲದಲ್ಲಿ, ರೈಲು ರಸ್ತೆ ಅಥವಾ ಕಾಲುವೆ ಕೆಲಸ ನಡೆಯುವ ಕಡೆ ಕೂಲಿಗೆ ಹೋದವನು ಇದಕ್ಕೆ ಸಮನಾಗಿ ದುಡಿಯುತ್ತಿದ್ದ, ಕೆಲವು ಕಡೆ ಹೆಚ್ಚೂ ದುಡಿಯುತ್ತಿದ್ದ. ಅವನು ಸಂಜೆ ಮನೆಗೆ ಹೋಗುತ್ತಿದ್ದ. 1861ರ ಕಾಯ್ದೆಯ 22ನೇ ಕಲಮಿನ ಪ್ರಕಾರ ಪೊಲೀಸಿನವನು ಯಾವಾಗಲೂ ಕರ್ತವ್ಯದ ಮೇಲಿದ್ದಂತೆಯೇ ಲೆಕ್ಕ, ಎಲ್ಲಿಗೆ ಬೇಕಾದರೂ ಕಳಿಸಬಹುದು.

ಆ ಏಳರಲ್ಲೂ ಕೈಗೆ ಬರುತ್ತಿದ್ದುದು ಪೂರ್ತಿ ಏಳಲ್ಲ. ಸಮವಸ್ತ್ರದ ಬಾಬತ್ತು ಸಂಬಳದಲ್ಲಿ ಮುರಿದುಕೊಳ್ಳುವ ರೂಢಿ ಹಲವು ಕಡೆ ಇತ್ತು. ಮೊದಮೊದಲು ಪಿಂಚಣಿ ನಿಧಿಯ ಕಲಮೂ ಕಾಯ್ದೆಯಲ್ಲಿತ್ತು, 1874ರಲ್ಲಿ ಅದನ್ನು ತೆಗೆದರು. ಅದರ ಮೇಲೆ ದಂಡ. 7ನೇ ಕಲಮಿನಡಿ ಮೇಲಧಿಕಾರಿ ಒಂದು ತಿಂಗಳ ಸಂಬಳದವರೆಗೆ ಜುಲ್ಮಾನೆ ಹಾಕಬಹುದು, ಹದಿನೈದು ದಿನದವರೆಗೆ ಲೈನಿನಲ್ಲೇ ಕೂಡಿಹಾಕಿ ಹೆಚ್ಚುವರಿ ಕವಾಯತು ಮಾಡಿಸಬಹುದು. 29ನೇ ಕಲಮಿನಡಿ ಮ್ಯಾಜಿಸ್ಟ್ರೇಟ್ ಎದುರು ನಿಲ್ಲಿಸಿದರೆ ಮೂರು ತಿಂಗಳ ಸಂಬಳ ದಂಡ, ಇಲ್ಲವೇ ಮೂರು ತಿಂಗಳ ಸೆರೆ, ಅಥವಾ ಎರಡೂ. ಸಾಕೆನಿಸಿ ಬಿಟ್ಟುಹೋಗೋಣವೆಂದರೆ 9ನೇ ಕಲಮು: ಅನುಮತಿ ಸಿಗದಿದ್ದರೆ ಎರಡು ತಿಂಗಳ ಮುಂಚೆ ಲಿಖಿತ ನೋಟಿಸು ಕೊಡಬೇಕು.

ಮೇಲಿನ ತುದಿಯಲ್ಲಿ ಜಿಲ್ಲಾ ಸೂಪರಿಂಟೆಂಡೆಂಟನ ಸಂಬಳ ದರ್ಜೆಗೆ ತಕ್ಕಂತೆ 500ರಿಂದ 1000 ರೂಪಾಯಿ. 700 ರೂಪಾಯಿ ಪಡೆಯುವ ಒಬ್ಬ ಸಾಹೇಬನ ತಿಂಗಳ ಸಂಬಳದಲ್ಲಿ ನೂರು ಪೇದೆಗಳ ಬಟವಾಡೆ ಆಗುತ್ತಿತ್ತು. ಮೊದಲು ಈ ಹುದ್ದೆಗಳಿಗೆ ಹೆಚ್ಚಾಗಿ ಸೈನ್ಯದಿಂದ ಬರುತ್ತಿದ್ದರು, 1893ರಿಂದ ಲಂಡನ್ನಿನಲ್ಲಿ ಪರೀಕ್ಷೆ ಶುರುವಾಯಿತು. ಭಾರತೀಯರಿಗೆ ಈ ದರ್ಜೆಯ ಬಾಗಿಲು ತೆರೆದದ್ದು 1920ರ ಹೊತ್ತಿಗೆ. ನಡುವಿನ ಮೆಟ್ಟಿಲು, ಅಂದರೆ ಠಾಣೆ ನೋಡಿಕೊಳ್ಳುವವನ ಹುದ್ದೆ, ತೀರಾ ಸೊರಗಿತ್ತು. ಅಪರಾಧ ನಡೆದಾಗ ಊರಿಗೆ ಬರುವವನು, ಮಹಜರು ಬರೆಯುವವನು, ಸಾಕ್ಷಿ ಕೇಳುವವನು, ಯಾರನ್ನು ಹಿಡಿಯಬೇಕು ಯಾರನ್ನು ಬಿಡಬೇಕು ಎಂದು ನಿರ್ಧರಿಸುವವನು ಅವನೇ. ಅಷ್ಟು ಅಧಿಕಾರದ ಹುದ್ದೆಯಲ್ಲಿ ಅನೇಕ ಕಡೆ ಇದ್ದವನು ಪೇದೆಯಾಗಿ ಸೇರಿ ಮೇಲೆ ಬಂದ ದಫೇದಾರ (ಹೆಡ್ ಕಾನ್‌ಸ್ಟೆಬಲ್). ಅವನ ಓದೂ ಕಡಿಮೆ, ಸಂಬಳವೂ ಕಡಿಮೆ. ಸೇವೆಯ ದೊಡ್ಡ ವಿನ್ಯಾಸದೋಷ ಇದೇ ಎಂಬುದು ನಮ್ಮ ಅಭಿಪ್ರಾಯ.

ಸಂಬಳ ಏರಿಸಲು ಸರ್ಕಾರ ಏಕೆ ನಲವತ್ತು ವರ್ಷ ತಡೆದುಕೊಂಡಿತು ಅನ್ನುವುದಕ್ಕೆ ಗುಣಾಕಾರ ಮಾಡಿದರೆ ಸಾಕು. ಹಳ್ಳಿ ಕಾವಲುಗಾರರನ್ನು ಬಿಟ್ಟು ಖಾಯಂ ಪೊಲೀಸರೇ ಒಂದೂವರೆ ಲಕ್ಷದ ಆಸುಪಾಸು. ತಲೆಗೆ ತಿಂಗಳಿಗೆ ಒಂದೇ ರೂಪಾಯಿ ಏರಿಸಿದರೂ ವರ್ಷಕ್ಕೆ 18 ಲಕ್ಷ. ಇದಕ್ಕೆ 1870ರಲ್ಲಿ ವೈಸ್‌ರಾಯ್ ಲಾರ್ಡ್ ಮೇಯೊ ತಂದ ಹಣಕಾಸು ವಿಕೇಂದ್ರೀಕರಣವೂ ಸೇರಿಕೊಂಡಿತು. ಪೊಲೀಸ್, ಜೈಲು, ಶಿಕ್ಷಣ, ವೈದ್ಯಕೀಯ, ನೋಂದಣಿ, ರಸ್ತೆ ಇವೆಲ್ಲ ಒಂದು ನಿಗದಿತ ಗಂಟಿನ ಜೊತೆ ಪ್ರಾಂತ್ಯಗಳ ಪಾಲಿಗೆ ಬಂದವು. ಅಂದಮೇಲೆ ಪೇದೆಗೆ ಒಂದು ರೂಪಾಯಿ ಹೆಚ್ಚು ಕೊಡಬೇಕಾದರೆ ಅದು ಶಾಲೆಯಿಂದಲೋ ಆಸ್ಪತ್ರೆಯಿಂದಲೋ ಬರಬೇಕು. ಪಟ್ಟಣಗಳಲ್ಲಿ ಪೊಲೀಸ್ ಖರ್ಚಿನ ಒಂದು ಪಾಲನ್ನು ಮುನಿಸಿಪಾಲಿಟಿಗಳ ಮೇಲೆ ಹೊರಿಸಿದ್ದರು. ಊರು ಕಟ್ಟಿದ ಮನೆ ತೆರಿಗೆ ಊರಿನ ಚರಂಡಿಗೆ ಹೋಗದೆ ಪೊಲೀಸಿಗೆ ಹೋಗುತ್ತಿತ್ತು, ಆ ಪೊಲೀಸಿನ ಮೇಲೆ ಮುನಿಸಿಪಾಲಿಟಿಗೆ ಯಾವ ಹಿಡಿತವೂ ಇರಲಿಲ್ಲ. 1882ರ ವೈಸ್‌ರಾಯ್ ರಿಪ್ಪನ್ ನಿರ್ಣಯ ಈ ಹೊರೆ ಇಳಿಸಿ, ಉಳಿದ ಹಣ ಶಿಕ್ಷಣಕ್ಕೆ, ಔಷಧಾಲಯಕ್ಕೆ ಹೋಗಲಿ ಎಂದಿತು. ಈ ಸೇವೆಯ ಹಣಕಾಸಿನ ಇತಿಹಾಸದಲ್ಲಿ ಮನಸಾರೆ ಒಳ್ಳೆಯ ಮಾತು ಹೇಳಬಹುದಾದ ನಿರ್ಧಾರ ಇದು.

ಠಾಣೆಯಲ್ಲಿ ನಿಜಕ್ಕೂ ಕೆಲಸಕ್ಕೆ ಉಳಿಯುತ್ತಿದ್ದವರು ಎಷ್ಟು

ಪಡೆಯ ಸಂಖ್ಯೆ ದೊಡ್ಡದಾಗಿ ಕಾಣುತ್ತದೆ. ಸೇವೆ ಪಡೆಯುವವನಿಗೆ ಮುಖ್ಯವಾದದ್ದು ಮಂಜೂರಾದ ಸಂಖ್ಯೆಯಲ್ಲ, ಕರೆದಾಗ ಎದ್ದು ಬರಬಲ್ಲವರ ಸಂಖ್ಯೆ. ಇದನ್ನು ತಿಳಿಯಲು ಕಾವಲಿನ ಲೆಕ್ಕ ಗೊತ್ತಿರಬೇಕು. ಒಂದೇ ಜಾಗದಲ್ಲಿ ಹಗಲೂ ರಾತ್ರಿ ಒಬ್ಬ ಸೆಂಟ್ರಿ ನಿಲ್ಲಬೇಕಾದರೆ ಮೂವರು ಪೇದೆ, ಅವರ ಮೇಲೊಬ್ಬ ದಫೇದಾರ ಬೇಕೇ ಬೇಕು. ನಮ್ಮ ಪೊಲೀಸರ ಬಾಯಲ್ಲಿ ಇವತ್ತಿಗೂ ಓಡಾಡುವ ‘ಒನ್ ಥ್ರೀ ಗಾರ್ಡ್’ ಎಂದರೆ ಇದೇ. ಒಂದು ಬಾಗಿಲಿಗೆ ನಾಲ್ಕು ಜನ.

ಈಗ ತಾಲ್ಲೂಕು ಕೇಂದ್ರದ ಒಂದು ಠಾಣೆಗೆ ಹದಿನಾರು ಪೇದೆಗಳಿದ್ದಾರೆ ಎಂದು ಇಟ್ಟುಕೊಳ್ಳಿ. ಇದು ವಿವರಿಸಲು ಹಾಕಿದ ಲೆಕ್ಕ, ಯಾವುದೇ ಒಂದು ಠಾಣೆಯ ದಾಖಲೆಯಲ್ಲ. ತಾಲ್ಲೂಕು ಖಜಾನೆಯ ಕಾವಲಿಗೆ ಮೂವರು. ಠಾಣೆಯ ಪಹರೆ ಮತ್ತು ಲಾಕಪ್ಪಿಗೆ ಮೂವರು. ಕೈದಿಗಳನ್ನು ಜಿಲ್ಲಾ ಜೈಲಿಗೆ, ಕೋರ್ಟಿಗೆ ಕರೆದೊಯ್ಯಲು ಇಬ್ಬರು, ಕಾಲ್ನಡಿಗೆಯಲ್ಲಿ ಅಥವಾ ಗಾಡಿಯಲ್ಲಿ ಹೋಗಿ ಬರುವಷ್ಟರಲ್ಲಿ ಕೆಲವು ದಿನವೇ ಕಳೆಯಬಹುದು. ಕೋರ್ಟಿನ ಕೆಲಸ, ಸಮನ್ಸು, ವಾರಂಟು ಜಾರಿಗೆ ಇಬ್ಬರು. ಜ್ವರ, ರಜೆ, ಖಾಲಿ ಹುದ್ದೆ ಎಂದು ಇಬ್ಬರನ್ನು ಕಳೆಯಿರಿ. ಉಳಿದವರು ನಾಲ್ವರು. ಪೇಟೆಯ ರಾತ್ರಿ ಗಸ್ತಿಗೆ ಜೋಡಿಯಾಗಿ ಹೋಗಬೇಕು, ಇಂದು ಇಬ್ಬರು ಹೋದರೆ ನಾಳೆ ಇನ್ನಿಬ್ಬರು. ಲೆಕ್ಕ ಮುಗಿಯಿತು. ಸುತ್ತಲ ಹಳ್ಳಿಗಳ ಬೀಟಿಗೆ ಹೋಗಲು ಯಾರೂ ಇಲ್ಲ. ಖಜಾನೆಯ ಹಣ ಜಿಲ್ಲೆಗೆ ಸಾಗಿಸುವ ದಿನ, ಜಾತ್ರೆಯ ಬಂದೋಬಸ್ತಿನ ದಿನ, ಗವರ್ನರೋ ಕಲೆಕ್ಟರೋ ಪ್ರವಾಸಕ್ಕೆ ಬಂದ ದಿನ ಗಸ್ತೂ ನಿಲ್ಲುತ್ತದೆ.

ದುಡ್ಡು ಎಲ್ಲಿ ಹೋಗುತ್ತಿತ್ತು ಎಂಬುದು ಇಲ್ಲಿ ಕಣ್ಣಿಗೆ ಕಟ್ಟುತ್ತದೆ. ಬಟವಾಡೆಯ ದೊಡ್ಡ ಪಾಲು ಸರ್ಕಾರದ ಸ್ವಂತ ಆಸ್ತಿ ಕಾಯಲು: ಖಜಾನೆ, ಸೆರೆಯಾಳು, ಕಾಗದಪತ್ರ. ಪ್ರಜೆಯ ಮನೆ, ದನ, ದಾರಿ ಕಾಯಲು ಉಳಿದದ್ದು ಚೂರುಪಾರು. ಪೊಲೀಸ್ ಎಂಬ ಹೆಸರಿನಲ್ಲಿ ನಡೆಯುತ್ತಿದ್ದುದರಲ್ಲಿ ಅರ್ಧಕ್ಕಿಂತ ಹೆಚ್ಚು ಕಾವಲು ಪಡೆಯ ಕೆಲಸ. ಕನ್ನದ ದೂರು ಬಂದಾಗ ಠಾಣೆಯವರು ಎರಡು ದಿನ ತಡವಾಗಿ ಬಂದರೆ ಅದಕ್ಕೆ ಸೋಮಾರಿತನ ಒಂದೇ ಕಾರಣವಲ್ಲ, ಕಳಿಸಲು ಕಾಲಿದ್ದವರೇ ಇರುತ್ತಿರಲಿಲ್ಲ.

ಜನ ಕಡಿಮೆ ಇದ್ದಾಗ ದಾಖಲೆಯಲ್ಲಿ ಕೆಲಸ ಹೇಗೆ ಕಡಿಮೆ ಮಾಡುವುದು? ದೂರನ್ನೇ ಬರೆದುಕೊಳ್ಳದಿರುವುದು. ವರ್ಷದ ಕೊನೆಗೆ ಜಿಲ್ಲೆಯ ಪ್ರತಿ ಠಾಣೆಯನ್ನೂ ಅಂಕಿಗಳ ಮೇಲೆ ತೂಗುತ್ತಿದ್ದರು: ದಾಖಲಾದ ಪ್ರಕರಣ ಎಷ್ಟು, ಶಿಕ್ಷೆಯಾದದ್ದು ಶೇಕಡಾ ಎಷ್ಟು, ಕಳವಾದ ಮಾಲಿನಲ್ಲಿ ಪತ್ತೆಯಾದದ್ದು ಎಷ್ಟು. ಪತ್ತೆಯಾಗದ ಕೇಸು ದಾಖಲಾದರೆ ಶೇಕಡಾವಾರು ಬೀಳುತ್ತದೆ, ಬಡ್ತಿ ತಪ್ಪುತ್ತದೆ. ಹಾಗಾಗಿ ಸುಳಿವಿಲ್ಲದ ಕಳವಿನ ದೂರು ಹೊತ್ತು ಬಂದವನನ್ನು ಬೆದರಿಸಿ ಕಳಿಸುವುದು, ಇಲ್ಲವೇ ‘ಕಳೆದುಹೋಗಿದೆ’ ಎಂದು ಬರೆಸುವುದು ರೂಢಿಯಾಯಿತು. 1898ರ ದಂಡ ಪ್ರಕ್ರಿಯಾ ಸಂಹಿತೆಯ 154ನೇ ಕಲಮು ಮೊದಲ ಮಾಹಿತಿಯನ್ನು ಬರೆದುಕೊಂಡು, ಹೇಳಿದವನಿಗೆ ಓದಿ ಹೇಳಿ, ಸಹಿ ಹಾಕಿಸಬೇಕು ಎನ್ನುತ್ತಿತ್ತು. ಕಾಗದದ ಮೇಲೆ ಕಲಮು ಚೊಕ್ಕವಾಗಿತ್ತು. ಠಾಣೆಯವನ ಅನ್ನ ಅದಕ್ಕೆ ವಿರುದ್ಧ ದಿಕ್ಕಿನಲ್ಲಿ ಎಳೆಯುತ್ತಿತ್ತು.

ರಸೀದಿ ಇಲ್ಲದ ಖರ್ಚು

ಇಲ್ಲಿಂದ ಮುಂದಿನದು ಬಜೆಟ್ಟಿನಲ್ಲಿ ಕಾಣದ ಬಾಬತ್ತುಗಳು. ಸೇವೆಯ ಪೂರ್ತಿ ಬೆಲೆ ತಿಳಿಯಬೇಕಾದರೆ ಇವನ್ನು ಕೂಡಿಸಲೇಬೇಕು.

ದೊಡ್ಡದು ಹಳ್ಳಿ ಪೊಲೀಸು. ಹಳೇ ಮೈಸೂರಿನ ತಳವಾರ, ತೋಟಿ, ದಕ್ಷಿಣ ಕನ್ನಡದ ಉಗ್ರಾಣಿ, ಧಾರವಾಡ ಬೆಳಗಾವಿ ಕಡೆಯ ವಾಲೀಕಾರ, ಶೇತಸನದಿ ಇವರ ಸಂಬಳ ಇನಾಮು ಹೊಲ, ಸುಗ್ಗಿಯ ಆಯ, ಊರಿನ ಕೊಡುಗೆ. ಸಂಖ್ಯೆಯಲ್ಲಿ ಇವರು ಖಾಯಂ ಪೊಲೀಸರ ಹಲವು ಪಟ್ಟು. ಊರಿನ ಒಳಸುಳಿ, ಹೊಸಬರ ಓಡಾಟ, ಯಾರ ಮನೆಗೆ ಯಾವಾಗ ಗಾಡಿ ಬಂತು ಎಂಬುದೆಲ್ಲ ಗೊತ್ತಿದ್ದವರು ಇವರೇ. ಖಾಯಂ ಪೊಲೀಸು ತನಿಖೆಗೆ ನಿಂತಿದ್ದು ಇವರ ಬಾಯಿಮಾತಿನ ಮೇಲೆ. 1867ರ ಮುಂಬಯಿ ಗ್ರಾಮ ಪೊಲೀಸ್ ಕಾಯ್ದೆ ಪೊಲೀಸ್ ಪಾಟೀಲನಿಗೆ ಒಂದು ಸ್ಥಾನ ಕೊಟ್ಟು ಈ ಪದ್ಧತಿಯನ್ನು ಉಳಿಸಿತು. ಬಂಗಾಳದಲ್ಲಿ 1870ರ ಕಾಯ್ದೆಯಿಂದ ಚೌಕಿದಾರನ ಸಂಬಳಕ್ಕೆ ಹಳ್ಳಿಯವರ ಮೇಲೆಯೇ ಚೌಕಿದಾರಿ ತೆರಿಗೆ ಹಾಕಿದರು. ಸರ್ಕಾರಕ್ಕೆ ವರದಿ ಒಪ್ಪಿಸುವ ಚೌಕಿದಾರನಿಗೆ ಹಳ್ಳಿ ದುಡ್ಡು ಕೊಡಬೇಕು ಎಂಬ ಸಿಟ್ಟು ಒಳಗೇ ಕುದಿಯಿತು. 1930ರಲ್ಲಿ ಬಿಹಾರ, ಬಂಗಾಳದಲ್ಲಿ ಚೌಕಿದಾರಿ ತೆರಿಗೆ ನಿರಾಕರಣೆ ಸತ್ಯಾಗ್ರಹದ ದೊಡ್ಡ ಅಂಗವಾದದ್ದು ಸುಮ್ಮನೆ ಅಲ್ಲ. ದಕ್ಷಿಣದ ಇನಾಮು ಪದ್ಧತಿ ಇದಕ್ಕಿಂತ ಮೇಲು ಎನ್ನಬೇಕು, ಅಲ್ಲಿ ಕಾವಲುಗಾರನಿಗೆ ಊರಿನಲ್ಲಿ ಬೇರು ಇರುತ್ತಿತ್ತು. ಆದರೆ ಹೊಲದ ಹುಟ್ಟುವಳಿ ಕೈಕೊಟ್ಟ ಬರಗಾಲದಲ್ಲೇ ಕಳವು ಹೆಚ್ಚುವುದು, ಕಾವಲುಗಾರನ ಹೊಟ್ಟೆ ಖಾಲಿ ಇರುವುದೂ ಆಗಲೇ.

ಎರಡನೆಯದು ತನಿಖೆಗೆ ಬಂದವರ ಊಟ, ಉಪಚಾರ. ಕೊಲೆಯೋ ದರೋಡೆಯೋ ಆದ ಊರಿಗೆ ಪೊಲೀಸರು ಬಂದರೆ ಚಾವಡಿಯಲ್ಲಿ ಬೀಡು. ಅಕ್ಕಿ, ಕೋಳಿ, ತುಪ್ಪ, ಕುದುರೆಗೆ ಹುಲ್ಲು, ಗಾಡಿ, ಎಲ್ಲವೂ ಬಿಟ್ಟಿ. ದೂರು ಬರೆದುಕೊಳ್ಳಲು ಮಾಮೂಲು, ಆಪಾದಿತನ ಮನೆ ಶೋಧಿಸದಿರಲು ಮಾಮೂಲು, ಸಾಕ್ಷಿಗಳನ್ನು ದಿನವೂ ಠಾಣೆಗೆ ಕರೆಸದಿರಲು ಮಾಮೂಲು. ಬಿತ್ತನೆ ಹೊತ್ತಿನಲ್ಲಿ ರೈತನೊಬ್ಬನನ್ನು ಸಾಕ್ಷಿ ಎಂದು ನಾಲ್ಕು ದಿನ ಕೂರಿಸಿದರೆ ಅವನಿಗಾಗುವ ನಷ್ಟ ಲಂಚಕ್ಕಿಂತ ಹೆಚ್ಚು, ಅದಕ್ಕೇ ಅವನು ಕೊಡುತ್ತಿದ್ದ. 1902ರ ಪೊಲೀಸ್ ಆಯೋಗ, ಅಂದರೆ ಫ್ರೇಸರ್ ಆಯೋಗ, ಪ್ರಾಂತ್ಯ ಪ್ರಾಂತ್ಯ ತಿರುಗಿ ಕೇಳಿದ ಸಾಕ್ಷ್ಯದಲ್ಲಿ ಈ ಸಂಗತಿಗಳು ಎಲ್ಲೆಡೆಯಿಂದ ಬಂದವು. ಕಳವಾದ ಸಾಮಾನಿಗಿಂತ ತನಿಖೆಯ ಖರ್ಚು ಹೆಚ್ಚಾಗುತ್ತದೆ ಎಂದು ಗೊತ್ತಿದ್ದವರು ದೂರನ್ನೇ ಕೊಡುತ್ತಿರಲಿಲ್ಲ. ಸೇವೆಯೊಂದಕ್ಕೆ ಇದಕ್ಕಿಂತ ಕೆಟ್ಟ ಅಂಕ ಸಿಗಲಾರದು.

ಮೂರನೆಯದಕ್ಕೆ ಮಾತ್ರ ಕಾಗದ ಇತ್ತು: ಹೆಚ್ಚುವರಿ ಪೊಲೀಸು. ಇದರಲ್ಲಿ ಎರಡು ಬಗೆ, ಎರಡನ್ನೂ ಬೇರೆ ಬೇರೆಯಾಗಿ ನೋಡಬೇಕು. 1861ರ ಕಾಯ್ದೆಯ 13ನೇ ಕಲಮಿನಡಿ ಯಾರಾದರೂ ಅರ್ಜಿ ಹಾಕಿ, ತಮ್ಮ ಖರ್ಚಿನಲ್ಲಿ ಪೊಲೀಸರನ್ನು ಹಾಕಿಸಿಕೊಳ್ಳಬಹುದು. ಬೇಡವಾದಾಗ ಒಂದು ತಿಂಗಳ ಲಿಖಿತ ನೋಟಿಸು ಕೊಟ್ಟರೆ ಹೊರೆ ತಪ್ಪುತ್ತದೆ. 14ನೇ ಕಲಮು ರೈಲು, ಕಾಲುವೆ, ಕಾರ್ಖಾನೆ ಕೆಲಸ ನಡೆಯುವ ಕಡೆ ಅದೇ ಖರ್ಚನ್ನು ಕೆಲಸ ನಡೆಸುವವರ ಮೇಲೆ ಹಾಕಲು ಅವಕಾಶ ಕೊಡುತ್ತದೆ. ಇಡೀ ವ್ಯವಸ್ಥೆಯಲ್ಲಿ ಬೆಲೆ, ಅವಧಿ, ಬಿಡುಗಡೆ ಮೂರೂ ಸ್ಪಷ್ಟವಾಗಿದ್ದ ಭಾಗ ಇದು. ಸಾಹುಕಾರನಿಗೆ, ಕಂಪನಿಗೆ ಸೇವೆ ಹೀಗೆ ಸಿಗುತ್ತಿತ್ತು.

15ನೇ ಕಲಮಿನ ಕಥೆ ಬೇರೆ. ಒಂದು ಪ್ರದೇಶ ಗಲಭೆಗ್ರಸ್ತ ಎಂದು ಸರ್ಕಾರ ಗೆಜೆಟ್ಟಿನಲ್ಲಿ ಘೋಷಿಸಿದರೆ ಸಾಕು, ಅಲ್ಲಿಗೆ ಹೆಚ್ಚುವರಿ ಪೊಲೀಸರನ್ನು ಕಳಿಸಿ ಖರ್ಚನ್ನು ಅಲ್ಲಿನ ನಿವಾಸಿಗಳಿಂದಲೇ ವಸೂಲು ಮಾಡಬಹುದು. ಯಾರಿಗೆ ಎಷ್ಟು ಎಂದು ಮ್ಯಾಜಿಸ್ಟ್ರೇಟ್ ಅವರವರ ಶಕ್ತಿ ನೋಡಿ ಹಂಚುತ್ತಾನೆ. 1895ರ ತಿದ್ದುಪಡಿಯ ಮೇಲೆ ಕೆಲವು ವ್ಯಕ್ತಿಗಳನ್ನೋ ವರ್ಗಗಳನ್ನೋ ಈ ಹೊರೆಯಿಂದ ಬಿಡಬಹುದಾಯಿತು. ಸರ್ಕಾರದ ಕಡೆಯವರನ್ನು ಬಿಟ್ಟು ಎದುರು ನಿಂತವರ ಮೇಲೆ ಹೊರಿಸಲು ದಾರಿಯೂ ಆಯಿತು. ಇದು ಪೊಲೀಸ್ ಸೇವೆಯಲ್ಲ, ದಂಡ. ವಿಚಾರಣೆಯಿಲ್ಲದೆ ಇಡೀ ಊರಿಗೆ ಹಾಕಿದ ದಂಡ.

ಇದರ ಬಿಸಿ ಹೇಗಿತ್ತು ಎನ್ನಲು ಗುಜರಾತಿನ ಬೋರ್ಸದ್ ಸಾಕು. ಕಾಲ ಸ್ವಲ್ಪ ಆಚಿನದು, 1923. ಧಾರವಾಡವೂ ಸೇರಿದ್ದ ಅದೇ ಮುಂಬಯಿ ಪ್ರಾಂತ್ಯ. ಅಲ್ಲಿ 1890ರ ಪೊಲೀಸ್ ಕಾಯ್ದೆಯಲ್ಲೂ ಇಂಥದೇ ಅಧಿಕಾರ ಇತ್ತು. ದರೋಡೆಕೋರರ ಹಾವಳಿಯನ್ನು ಸರ್ಕಾರ ತಡೆಯಲಾಗದೆ, ಹಳ್ಳಿಯವರು ಅವರಿಗೆ ಆಶ್ರಯ ಕೊಡುತ್ತಿದ್ದಾರೆ ಎಂದು ಹೆಚ್ಚುವರಿ ಪೊಲೀಸರನ್ನು ಹಾಕಿತು. ಖರ್ಚಿಗೆಂದು ವಯಸ್ಕರೊಬ್ಬರಿಗೆ 2 ರೂಪಾಯಿ 7 ಆಣೆ ತೆರಿಗೆ. ಒಟ್ಟು ವಸೂಲಾಗಬೇಕಿದ್ದ ಮೊತ್ತ 2,40,074 ರೂಪಾಯಿ. ದರೋಡೆಗೆ ಸಿಕ್ಕವನೂ ಕಟ್ಟಬೇಕು, ಕೂಲಿಯವನೂ ಕಟ್ಟಬೇಕು. ತಿಂಗಳಿಗೆ ಕೆಲವೇ ರೂಪಾಯಿ ದುಡಿಯುವ ಮನೆಯಲ್ಲಿ ನಾಲ್ಕು ಜನ ದೊಡ್ಡವರಿದ್ದರೆ ಒಂಬತ್ತು ರೂಪಾಯಿ ಹನ್ನೆರಡು ಆಣೆ. ಕಟ್ಟದವರ ಎಮ್ಮೆ, ಪಾತ್ರೆ ಜಪ್ತಿ. ವಲ್ಲಭಭಾಯಿ ಪಟೇಲರ ಮುಂದಾಳತ್ವದಲ್ಲಿ ಜನ ಕಟ್ಟುವುದಿಲ್ಲವೆಂದು ನಿಂತರು, 1924ರ ಜನವರಿಯಲ್ಲಿ ಸರ್ಕಾರ ತೆರಿಗೆಯನ್ನು ಹಿಂದಕ್ಕೆ ಪಡೆಯಿತು. ಖರ್ಚನ್ನು ಪ್ರಾಂತ್ಯದ ಖಜಾನೆಯೇ ಭರಿಸಬಲ್ಲದಾಗಿತ್ತು ಎಂಬುದು ಹೀಗೆ ಹೊರಬಿತ್ತು.

1902ರ ರಿಪೇರಿ

1902ರಲ್ಲಿ ವೈಸ್‌ರಾಯ್ ಕರ್ಜನ್ ನೇಮಿಸಿದ ಪೊಲೀಸ್ ಆಯೋಗಕ್ಕೆ ಆಂಡ್ರ್ಯೂ ಫ್ರೇಸರ್ ಅಧ್ಯಕ್ಷ. ವರದಿ 1903ರಲ್ಲಿ ಸಿದ್ಧವಾಯಿತು, ಸರ್ಕಾರ ತನ್ನ ನಿರ್ಣಯದೊಂದಿಗೆ ಹೊರಬಿಟ್ಟಿದ್ದು 1905ರ ಮಾರ್ಚಿನಲ್ಲಿ. ಪಡೆ ದಕ್ಷತೆಯಿಂದ ಬಹುದೂರ, ತರಬೇತಿಯಲ್ಲಿ ಸಂಘಟನೆಯಲ್ಲಿ ದೋಷ, ಮೇಲ್ವಿಚಾರಣೆ ಸಾಲದು, ಭ್ರಷ್ಟ ಮತ್ತು ದಬ್ಬಾಳಿಕೆಯದು ಎಂದೇ ಸಾಮಾನ್ಯವಾಗಿ ಜನ ಕಾಣುತ್ತಾರೆ, ಜನರ ವಿಶ್ವಾಸ ಸಹಕಾರ ಗಳಿಸುವುದರಲ್ಲಿ ಪೂರ್ತಿ ಸೋತಿದೆ ಎಂದು ಸರ್ಕಾರ ತಾನೇ ನೇಮಿಸಿದ ಆಯೋಗ ಬರೆಯಿತು. ಇಷ್ಟು ನೇರವಾಗಿ ಬರೆದದ್ದಕ್ಕೆ ಆ ಸದಸ್ಯರಿಗೆ ಮೆಚ್ಚುಗೆ ಸಲ್ಲಬೇಕು.

ಮದ್ದೂ ಹೇಳಿದರು. ಪೇದೆಗೆ ಕನಿಷ್ಠ 8 ರೂಪಾಯಿ. ಠಾಣೆಗೆ ನೇರ ನೇಮಕದ ಸಬ್ ಇನ್‌ಸ್ಪೆಕ್ಟರ್, ಸಂಬಳ 50ರಿಂದ 100. ಭಾರತೀಯರಿಗಾಗಿ ಡೆಪ್ಯುಟಿ ಸೂಪರಿಂಟೆಂಡೆಂಟ್ ಹುದ್ದೆ. ಪ್ರಾಂತ್ಯಕ್ಕೊಂದು ಸಿಐಡಿ. ಜಿಲ್ಲಾ ಕೇಂದ್ರದಲ್ಲಿ ಸಶಸ್ತ್ರ ಮೀಸಲು. ನಮ್ಮ ಜಿಲ್ಲೆಗಳ ಡಿಎಆರ್ (ಜಿಲ್ಲಾ ಸಶಸ್ತ್ರ ಮೀಸಲು ಪಡೆ) ಈ ಮನೆತನದ್ದೇ. ತರಬೇತಿ ಶಾಲೆಗಳು: ಧಾರವಾಡ, ಬೆಳಗಾವಿಗೆ ಬರುವ ಫೌಜದಾರರು (ಸಬ್ ಇನ್‌ಸ್ಪೆಕ್ಟರುಗಳು) ನಾಸಿಕದಲ್ಲಿ ಕಲಿತು ಬಂದರು, ಬಳ್ಳಾರಿ, ಮಂಗಳೂರಿಗೆ ಬರುವವರು ವೆಲ್ಲೂರಿನಲ್ಲಿ. ಇವುಗಳಲ್ಲಿ ಸಬ್ ಇನ್‌ಸ್ಪೆಕ್ಟರ್ ಹುದ್ದೆಯೇ ನಿಜವಾದ ಸುಧಾರಣೆ. ಓದಿದವನು, ಬದುಕಲು ಸಾಕಾಗುವಷ್ಟು ಸಂಬಳದವನು ಠಾಣೆಯಲ್ಲಿ ಕೂತ. ತನಿಖೆಯ ಬರಹ, ದಿನಚರಿಯ ಗುಣಮಟ್ಟ ಏರಿದ್ದಕ್ಕೆ ಇದೇ ಕಾರಣ.

ಒಂದು ಕಡೆ ಮಾತ್ರ ಆಯೋಗ ಬಲವಾಗಿ ಎಡವಿತು. ಪೇದೆಯನ್ನು ಯಾಂತ್ರಿಕ ಕೆಲಸಗಳಿಗೆ, ಅಂದರೆ ಕಾವಲು, ಬೆಂಗಾವಲು, ಗಸ್ತಿಗೆ ಮಾತ್ರ ಬಳಸಬೇಕು, ತನಿಖೆಗೆ ಬೇಡ ಎಂದಿತು. ಅವನ ಎಂಟು ರೂಪಾಯಿಗೂ ಸಬ್ ಇನ್‌ಸ್ಪೆಕ್ಟರನ ಐವತ್ತಕ್ಕೂ ನಡುವೆ ಕಂದಕ ಬಿತ್ತು. ಆರು ಪೇದೆಗಳ ಸಂಬಳ ಕೂಡಿಸಿದರೂ 48, ಒಬ್ಬ ಎಸ್‌ಐನ ಮೊದಲ ತಿಂಗಳ ಸಂಬಳಕ್ಕೂ ಎರಡು ರೂಪಾಯಿ ಕಡಿಮೆ. ಮೇಲೇರುವ ಏಣಿ ಮೋಟಾದಾಗ, ಚುರುಕಾದ ಹುಡುಗ ಪೇದೆ ಕೆಲಸಕ್ಕೆ ಏಕೆ ಸೇರುತ್ತಾನೆ? ಜನರಿಗೆ ದಿನವೂ ಎದುರಾಗುವವನು ಪೇದೆ, ಅವನ ಬುದ್ಧಿಯನ್ನು ಬೆಳೆಸುವ ಯೋಚನೆಯೇ ಆ ಯೋಜನೆಯಲ್ಲಿ ಇರಲಿಲ್ಲ. ಎಂಟು ರೂಪಾಯಿಯೂ 1902ರ ಧಾರಣೆಗೆ ಬಲು ಕಡಿಮೆ.

ದುಡ್ಡಿನ ಮಾತು: 1905-06ರ ಬಜೆಟ್ಟಿನಲ್ಲಿ ಪೊಲೀಸ್ ಸುಧಾರಣೆಗೆ 50 ಲಕ್ಷ ಇಟ್ಟರು. ಅದೇ ಬಜೆಟ್ಟಿನಲ್ಲಿ ಪ್ರಾಥಮಿಕ ಶಿಕ್ಷಣಕ್ಕೆ ಹೊಸದಾಗಿ ಕೊಟ್ಟದ್ದು 35 ಲಕ್ಷ, ವ್ಯವಸಾಯಕ್ಕೆ 20 ಲಕ್ಷ.

ಮೈಸೂರು ಸಂಸ್ಥಾನದ ಲೆಕ್ಕ ಬೇರೆಯೇ. ಅಲ್ಲಿ ಮೊದಲಿದ್ದ ಕಂದಾಚಾರದ ಜವಾನರು ಕಾವಲು, ಟಪ್ಪಾಲು, ಕಂದಾಯದ ಓಡಾಟ ಎಲ್ಲ ಮಾಡುತ್ತಿದ್ದರು. ಬ್ರಿಟಿಷ್ ಕಮಿಷನರರ ಆಡಳಿತದಲ್ಲಿ, 1860ರ ದಶಕದಿಂದ, ಹೊಸ ಅಚ್ಚಿನ ಪೊಲೀಸು ಹಂತ ಹಂತವಾಗಿ ಬಂತು. 1881ರಲ್ಲಿ ಅರಸರಿಗೆ ರಾಜ್ಯ ಮರಳಿದ ಮೇಲೂ ಅಚ್ಚು ಉಳಿಯಿತು, 1908ರಲ್ಲಿ ಸಂಸ್ಥಾನ ತನ್ನದೇ ಪೊಲೀಸ್ ಕಾಯ್ದೆ ಮಾಡಿಕೊಂಡಿತು. ಬೆಂಗಳೂರು ದಂಡಿಗೆ ಮಾತ್ರ ರೆಸಿಡೆಂಟರ ಕೈಕೆಳಗೆ ಪ್ರತ್ಯೇಕ ಪೊಲೀಸ್ ಇತ್ತು. ಏಕೀಕರಣದ ನಂತರ ಈ ಬೇರೆ ಬೇರೆ ಕಾಯ್ದೆಗಳ ಜಾಗಕ್ಕೆ ಬಂದದ್ದು 1963ರ ಪೊಲೀಸ್ ಕಾಯ್ದೆ.

ನಿಮ್ಮ ಜಿಲ್ಲೆ ಈ ಸೇವೆಗೆ ಏನು ತೆತ್ತಿತು ಎಂದು ನೋಡುವ ಆಸಕ್ತಿ ಇದ್ದರೆ ಆಯಾ ಪ್ರಾಂತ್ಯದ ವಾರ್ಷಿಕ ಪೊಲೀಸ್ ಆಡಳಿತ ವರದಿ ಹಿಡಿಯಿರಿ. ಮುನ್ನುಡಿ ಬಿಟ್ಟು ನೇರವಾಗಿ ಹಿಂದಿನ ತಃಖ್ತೆಗಳಿಗೆ ಹೋಗಿ. ಮಂಜೂರಾದ ಸಂಖ್ಯೆಯ ಪಕ್ಕದಲ್ಲೇ ಖಾಲಿ ಹುದ್ದೆಗಳನ್ನು ನೋಡಿ, ಆಮೇಲೆ ಕಾವಲು ಮತ್ತು ಬೆಂಗಾವಲಿಗೆ ಹೋದವರನ್ನು ಕಳೆಯಿರಿ. ವರ್ಷದಲ್ಲಿ ರಾಜೀನಾಮೆ ಕೊಟ್ಟವರು, ವಜಾ ಆದವರು, ಓಡಿಹೋದವರು ಎಷ್ಟು ಎಂಬ ಸಾಲು ಸಂಬಳದ ಬಗ್ಗೆ ಯಾವ ಅಧಿಕಾರಿಯ ಮಾತಿಗಿಂತಲೂ ನಂಬಲರ್ಹ. ಓದು ಬರಹ ಬಲ್ಲವರ ಸಂಖ್ಯೆಯೂ ಹತ್ತಿರದಲ್ಲೇ ಇರುತ್ತದೆ. ಶಿಕ್ಷೆಯ ಶೇಕಡಾವಾರು ತಟ್ಟನೆ ಏರಿದ ವರ್ಷದಲ್ಲಿ ದಾಖಲಾದ ಪ್ರಕರಣಗಳ ಸಂಖ್ಯೆ ಇಳಿದಿದೆಯೇ ನೋಡಿ. ಎರಡೂ ಒಟ್ಟಿಗೆ ಆಗಿದ್ದರೆ ದೂರುಗಳನ್ನು ಬರೆದುಕೊಳ್ಳದೆ ಕಳಿಸಿರುವ ಸಂಭವವೇ ಹೆಚ್ಚು. ಹಳ್ಳಿ ಪೊಲೀಸರ ಖರ್ಚು ಈ ತಃಖ್ತೆಗಳ ಒಟ್ಟು ಮೊತ್ತದಲ್ಲಿ ಸೇರಿರುವುದಿಲ್ಲ, ಅದನ್ನು ಇನಾಮು ಮತ್ತು ಕಂದಾಯದ ದಾಖಲೆಗಳಿಂದ ಹೆಕ್ಕಿ ನೀವೇ ಕೂಡಿಸಿಕೊಳ್ಳಬೇಕು.